ಜೋಡಿಪಾಟಿಯ ನೂರು ಅಂಕ

ಮೂವತ್ತೊಂದು ತಾಯಂದಿರ ಎದೆ ಒಂದೇ ತೆರನಾಗಿ ಬಡಿಯುತ್ತಿದೆ ಎಂಬುದು ಶಿವಪುತ್ರನ ಕಣ್ಣಿಗೆ ಬಿದ್ದದ್ದು ಒಂದು ಮಂಗಳವಾರ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ಪರದೆಯ ಮೇಲೆ ಹಿಂದಿನ ದಿನ ದಾಖಲಾದ ಮೂವತ್ತೊಂದು ಗೆರೆಗಳು ಒಂದರ ಕೆಳಗೊಂದು ಓಡುತ್ತಿದ್ದವು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಎಂಟುನೂರ ಐವತ್ತೇಳು ಮಿಲಿಸೆಕೆಂಡು. ಹೆಚ್ಚಿಲ್ಲ, ಕಡಿಮೆಯಿಲ್ಲ.

"ಲೇ ಅಲ್ತಾಫ್, ಬಾ ಇಲ್ಲಿ. ಇದನ್ನ ನೋಡು."

ಸೆನ್ಸರ್‌ಗಳ ಕೆಲಸ ನೋಡುತ್ತಿದ್ದ ಅಲ್ತಾಫ್ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಬಗ್ಗಿದ. "ಅವ್ವಗೋಳು ಎಲ್ಲಾರೂ ಕೂಡಿ ಡ್ರಿಲ್ ಮಾಡಾಕತ್ತಾರೇನೋ? ಅಂಕ ಎಷ್ಟು ಬಂದಾವ?"

"ನೂರು. ಎಲ್ಲಾರಿಗೂ ನೂರು."

"ನನ್ನ ಹೇಣ್ತಿದು ಐವತ್ತೆರಡರ ಮ್ಯಾಲೆ ಏರವಲ್ದು. ಈ ಅವ್ವಗೋಳ ಕಾಲ ತೊಳೆದ ನೀರು ಒಂದು ಬಾಟ್ಲಿ ತರಸಿ ಕೊಡೋ, ಕುಡಸ್ತೇನಿ. ನಿನಗೇನಪಾ, ನಿನ್ನ ಮನ್ಯಾಗೂ ನೂರು ಬಂದೈತಿ."

ಶಿವಪುತ್ರ ನಕ್ಕ. ಮೂರು ವಾರದ ಹಿಂದೆ ಮಗಳು ಓಜಸ್ವಿಯ ಅಂಕ ಮೂವತ್ತೆಂಟರಿಂದ ನೂರಕ್ಕೆ ಜಿಗಿದಾಗ ಆಫೀಸಿಗೆಲ್ಲ ಪೇಢಾ ಹಂಚಿದವನು ಅವನು.

ಜೋಡಿಪಾಟಿ ಎಂಬುದು ಎರಡರಿಂದ ನಾಲ್ಕು ವರ್ಷದ ಮಕ್ಕಳ ಟ್ಯಾಬ್ಲೆಟ್. ಅದರೊಳಗಿನ ಆಟ, ಅಕ್ಷರ, ಹಾಡು ಯಾವುದೂ ಹೊಸದಲ್ಲ. ಹೊಸದು ಅದರ ಬೆನ್ನು. ಬೆನ್ನಿನ ಮೇಲೆ ತಾಯಿಯೋ ತಂದೆಯೋ ಅಂಗೈ ಇಟ್ಟರೆ ಮಾತ್ರ ಮುಂದಿನ ಪರದೆ ಬೆಳಗುತ್ತದೆ. ಕೈ ತೆಗೆದರೆ ಪರದೆಯೊಳಗಿನ ಆನೆಮರಿ ಕಣ್ಣು ಮುಚ್ಚಿ ಮಲಗಿಬಿಡುತ್ತದೆ. ಮಗುವಿನ ಬೆರಳಿನಿಂದ ಒಂದು ನಾಡಿ, ದೊಡ್ಡವರ ಅಂಗೈಯಿಂದ ಇನ್ನೊಂದು. ಇಬ್ಬರೂ ಒಂದೇ ಆಟದಲ್ಲಿ ಮನಸ್ಸಿಟ್ಟಾಗ ಎರಡು ನಾಡಿಗಳ ಏರಿಳಿತ ಮೆಲ್ಲಗೆ ಜೊತೆಯಾಗುತ್ತದೆ ಎಂಬುದು ತತ್ವ. ಎಷ್ಟು ಜೊತೆಯಾಯಿತು ಎಂಬುದೇ ಜೋಡಿ ಅಂಕ. ಮಗುವಿನ ಕೈಗೆ ಯಂತ್ರ ಕೊಟ್ಟು ತಾನು ಮೊಬೈಲು ತಿಕ್ಕುತ್ತ ಕೂರುವ ಅಪ್ಪ ಅಮ್ಮಂದಿರನ್ನು ಹಿಡಿದು ಕೂರಿಸುವ ಉಪಾಯ. ಕಾಗದದ ಮೇಲೆ ಒಳ್ಳೆಯ ಉಪಾಯವೇ.

ಮೂರು ವರ್ಷದಲ್ಲಿ ಆ ಅಂಕ ಕಾಗದ ಬಿಟ್ಟು ಬೀದಿಗೆ ಇಳಿದಿತ್ತು. ಹೆಸರುಳ್ಳ ನರ್ಸರಿಗಳು ಎಪ್ಪತ್ತಕ್ಕಿಂತ ಕಡಿಮೆ ಇದ್ದ ಮಗುವಿನ ಅರ್ಜಿಯನ್ನೇ ಮುಟ್ಟುತ್ತಿರಲಿಲ್ಲ. ಅತ್ತೆಯಂದಿರು ಸೊಸೆಯ ಅಂಕವನ್ನು ಬೀಗರ ಮುಂದೆ ಎತ್ತಿ ಆಡುತ್ತಿದ್ದರು. ಎದೆ ನಿಧಾನವಾಗಿ ಬಡಿಯುವವರಿಗೆ ಅಂಕ ಜಾಸ್ತಿ ಬರುತ್ತದೆ ಎಂಬ ಸುದ್ದಿ ಹಬ್ಬಿ, ರಕ್ತದೊತ್ತಡದ ಮಾತ್ರೆಗಳು ಔಷಧದ ಅಂಗಡಿಯಲ್ಲಿ 'ಪಾಟಿ ಗುಳಿಗಿ' ಎಂಬ ಹೆಸರಿನಲ್ಲಿ ಮಾರಾಟವಾಗತೊಡಗಿದ್ದವು. ಗುಳಿಗೆ ನುಂಗಿ, ಮಂಪರುಗಣ್ಣಿನಲ್ಲಿ, ಜೊಲ್ಲು ಸುರಿಸುವ ಮಗುವಿನ ಎದುರು ಕೈ ಚಾಚಿ ಕೂತ ಇಪ್ಪತ್ತೈದು ವರ್ಷದ ಹೆಂಗಸರನ್ನು ಹುಬ್ಬಳ್ಳಿಯ ಯಾವ ಓಣಿಯಲ್ಲಾದರೂ ನೋಡಬಹುದಿತ್ತು.

ಕಂಪನಿಯ ಮುಖ್ಯಸ್ಥೆ ರೋಹಿಣಿ ಮೇಡಂ ಮೈಸೂರಿನ ಕಡೆಯವರು. ಏರಿದ ದನಿಯಲ್ಲಿ ಮಾತಾಡಿದವರಲ್ಲ. ಮೂವತ್ತೊಂದು ಗೆರೆಗಳನ್ನು ನೋಡಿ ಅವರ ಮುಖ ಅರಳಿತು.

"ಈ ತಾಯಂದಿರು ನಮ್ಮ ಬಂಗಾರ, ಶಿವಪುತ್ರ. ಹೊಸ ಮಾದರಿಗೆ ಇವರ ನಾಡಿಯನ್ನೇ ಅಳತೆಗೋಲು ಮಾಡೋಣ. ಯಾರು ಇವರು?"

"ಗೊತ್ತಿಲ್ರಿ ಮೇಡಂ. ಅಂಗೈ ಗುರುತು ಪಾಟಿ ಬಿಟ್ಟು ಹೊರಗ ಬರೂದಿಲ್ಲ, ಹೆಸರೂ ಬರೂದಿಲ್ಲ. ನಮಗ ನಾಡಿ ಅಷ್ಟs ಸಿಗ್ತೈತಿ. ಆದ್ರ ಮೂವತ್ತೊಂದೂ ಹಗಲೊತ್ತಿನ್ಯಾಗ ಒಂದs ವೈಫೈಗೆ ಕೂಡ್ಯಾವ. ಹಳೇ ಹುಬ್ಬಳ್ಳ್ಯಾಗ ಒಂದು ಮನಿ."

"ತಾಯಂದಿರ ಸಂಘ ಇರ್ಬೇಕು. ಹೋಗಿ ನೋಡ್ಕೊಂಡು ಬನ್ನಿ."

ಆ ಸಂಜೆ ಮನೆಯಲ್ಲಿ ಅವನ ಹೆಂಡತಿ ಕಸ್ತೂರಿ ಖಾಕಿ ಅಂಗಿಯ ಗುಂಡಿ ಬಿಚ್ಚಿ, ಬಾತ ಪಾದಗಳನ್ನು ನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಕೂತಿದ್ದಳು. ಅವಳು ಬಸ್ ಕಂಡಕ್ಟರ್. ದಿನಕ್ಕೆ ಎಂಟು ತಾಸು ಜನರ ನಡುವೆ ತೂರಿಕೊಂಡು, ಬೈದು, ಬೈಸಿಕೊಂಡು ಬರುವವಳು. ಓಜು ನೆಲದ ಮೇಲೆ ಕೂತು ಬಿಸ್ಕತ್ತನ್ನು ಪಾಟಿಗೆ ತಿನ್ನಿಸುತ್ತಿತ್ತು. ಎಂಜಲಲ್ಲಿ ನೆನೆದ ಬಿಸ್ಕತ್ತು ಆನೆಯ ಸೊಂಡಿಲಿನ ಮೇಲೆ ಕೆಸರಿನಂತೆ ಹತ್ತಿಕೊಂಡಿತ್ತು.

ಶಿವಪುತ್ರ ಪಾಟಿಯ ಬೆನ್ನಿಗೆ ಕೈ ಇಟ್ಟ. ಆನೆ ಎದ್ದಿತು. ಹತ್ತು ನಿಮಿಷ ಕಳೆದ ಮೇಲೆ ಬಂದದ್ದು ನಲವತ್ತೊಂದು.

"ನೀ ಹೆಂಗ ನೂರು ತರ್ತಿ?" ಎಂದು ಕೇಳಿದ.

"ಮಧ್ಯಾಹ್ನ ಟ್ರಿಪ್ ನಡಕ ಬಿಡುವು ಸಿಗ್ತೈತಲ್ಲ, ಫಕೀರವ್ವನ ಮನಿಗೆ ಹೋಗಿ ಕೂಸಿನ ಕೂಡ ಕೂಡ್ತೇನಿ."

ಫಕೀರವ್ವ ಎಂದರೆ ಹಗಲು ಹೊತ್ತು ಓಜುವನ್ನು ನೋಡಿಕೊಳ್ಳುವ ಮುದುಕಿ. ಮಗುವನ್ನು ಬಿಡುವುದು, ಕರೆತರುವುದು ಎರಡೂ ಕಸ್ತೂರಿಯ ಕೆಲಸ. ಶಿವಪುತ್ರ ಆ ಮನೆಯನ್ನು ಒಂದು ಸಲವೂ ನೋಡಿರಲಿಲ್ಲ.

"ನನ್ನ ಎದುರಿಗೆ ಒಮ್ಮೆ ಕೂತು ತೋರಸು."

"ಕಾಲು ಕಿತ್ತು ಬರಾಕತ್ತಾವ ರೀ. ಈಗ ನಿಮ್ಮ ಆನಿ ಕುಣಸಾಕ ನನ್ನ ಕಡೆ ಆಗೂದಿಲ್ಲ."

ಮರುದಿನ ಹನ್ನೊಂದು ಗಂಟೆಗೆ ಅವನು ಹಳೇ ಹುಬ್ಬಳ್ಳಿಯ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಮೊದಲು ಬಡಿದದ್ದು ವಾಸನೆ. ಉಚ್ಚೆ, ಹುಳಿಯಾದ ಹಾಲು, ಬಿಸಿಯಾದ ಪ್ಲಾಸ್ಟಿಕ್ಕು. ಉದ್ದನೆಯ ಪಡಸಾಲೆಯಲ್ಲಿ ಗೋಡೆಗುಂಟ ಮಕ್ಕಳು, ಮೂಗು ಸೋರುತ್ತ, ಕಿತ್ತಾಡುತ್ತ, ಕೆಲವು ಬರಿ ನೆಲದ ಮೇಲೆ ನಿದ್ದೆ ಹೋಗಿ, ಸರದಿ ಕಾಯುತ್ತಿದ್ದವು. ನಡುವೆ ಹೊರಸಿನ ಮೇಲೆ ಅರವತ್ತು ದಾಟಿದ ಒಬ್ಬ ಹೆಂಗಸು ಗೋಡೆಗೆ ಒರಗಿ, ಬಾಯಿ ತೆರೆದು ತೂಕಡಿಸುತ್ತಿದ್ದಳು. ಅವಳ ಬಲಗೈಯ ಕೆಳಗೆ ಒಂದು ಪಾಟಿ, ಎಡಗೈಯ ಕೆಳಗೆ ಒಂದು. ಚಾಚಿದ ಬಲಗಾಲಿನ ಪಾದಕ್ಕೆ ಆನಿಸಿ ನಿಲ್ಲಿಸಿದ್ದು ಇನ್ನೊಂದು. ಎಡಗಾಲಿನ ಪಾದಕ್ಕೆ ಮತ್ತೊಂದು. ನಾಲ್ಕು ಪಾಟಿಗಳ ಮುಂದೆ ನಾಲ್ಕು ಮಕ್ಕಳು.

ಎಡಗಾಲಿನ ಪಾಟಿಯ ಮುಂದೆ ಕೂತಿದ್ದ ಮಗು ಓಜು.

"ಅಮ್ಮಾರ," ಎಂದ ಶಿವಪುತ್ರ. ಮತ್ತೊಮ್ಮೆ ಕರೆದ.

ಮುದುಕಿ ಕಣ್ಣು ತೆರೆದಳು, ಕೈಕಾಲು ಅಲುಗಿಸಲಿಲ್ಲ. "ಯಾರಪಾ? ಹೊಸಾ ಕೂಸು ಹಚ್ಚಾಕ ಬಂದ್ಯೇನು? ಜಾಗಾ ಇಲ್ಲ ತಮ್ಮಾ. ಮೂವತ್ತೊಂದು ಅದಾವ. ಮುಂದಿನ ತಿಂಗಳ ಬಾ."

"ನಾ ಓಜಸ್ವಿ ಅಪ್ಪ ರೀ."

"ಓ, ಕಸ್ತೂರಿ ಯಜಮಾನ್ರು! ಪಾಟಿ ಕಂಪನಿ ಸಾಹೇಬ್ರು!" ಫಕೀರವ್ವ ನಕ್ಕಳು. ನಗುವಾಗ ಕೂಡ ಪಾದ ಪಾಟಿಯಿಂದ ಕದಲಲಿಲ್ಲ. "ಕೂಡ್ರಪಾ. ನಿನ್ನ ಮಗಳು ಶಾಣ್ಯಾ ಅದಾಳ. ಹಠ ಇಲ್ಲ, ಅಳೂದಿಲ್ಲ."

"ಅದೇನು... ಕಾಲಿಂದ?"

"ಕೈ ಇರೂವು ಎರಡ ಅಲ್ಲೇನೋ ತಮ್ಮಾ. ನಿನ್ನ ಹೇಣ್ತಿ ಬರೂದ್ರಾಗ ಕೈ ಎರಡೂ ತುಂಬಿದ್ವು. ಎಡಗಾಲು ನಡೀತೈತೇನು ಅಂತ ಕೇಳಿದೆ, ನಡೀಲಿ ಅಂದ್ಲು. ಆಕಿ ತನ್ನ ಗುರುತು ಅಳಿಸಿ ಕೊಟ್ಲು. ಕಾಲು ಮೊದಲ ಸಲ ಇಟ್ಟಾಗ ಪಾಟಿ 'ತಾಯಿಯ ಗುರುತು ಸಿಕ್ಕಿತು' ಅಂತ ತಾನs ಹೇಳ್ತು. ನಾ ಏನೂ ಸುಳ್ಳು ಹೇಳಿಲ್ಲ ನೋಡು."

ಪಾದದ ಹಿಮ್ಮಡಿ ಒಡೆದು ಸೀಳು ಬಿಟ್ಟಿತ್ತು. ಸೀಳಿನೊಳಗೆ ಕಪ್ಪು ಮಣ್ಣು. ಓಜಸ್ವಿಯ ಪಾಟಿಯಲ್ಲಿ ತಾಯಿ ಎಂದು ನಮೂದಾದದ್ದು ಈ ಪಾದ. ಅದಕ್ಕೆ ಅವನು ಪೇಢಾ ಹಂಚಿದ್ದ.

"ನಿಮಗ ಎಲ್ಲಾ ಕೂಸಿಗೂ ನೂರು ಹೆಂಗ ಬರ್ತೈತ್ರಿ? ಗುಳಿಗಿ ತೊಗೋತೀರೇನು?"

"ಗುಳಿಗಿ ಯಾಕ? ಖಾನಾವಳ್ಯಾಗ ಮೂವತ್ತು ವರ್ಷ ರೊಟ್ಟಿ ಬಡಿದೆ. ಒಂದಿನ ಹಂಚಿನ ಮುಂದs ಬಿದ್ದೆ. ಎದಿ ನಿಂತ ಬಿಟ್ಟಿತ್ತಂತ. ದೊಡ್ಡ ದವಾಖಾನ್ಯಾಗ ಬ್ಯಾಟರಿ ಹಾಕ್ಯಾರ, ಇಲ್ಲೆ." ಗದ್ದದಿಂದ ಎಡ ಭುಜದ ಕಡೆ ತೋರಿಸಿದಳು. ಸೆರಗಿನ ಪಕ್ಕ, ಕಾಲರ್ ಮೂಳೆಯ ಕೆಳಗೆ, ತೊಗಲಿನಡಿ ಪೇಸ್‌ಮೇಕರ್‌ನ ಬೆಂಕಿಪೊಟ್ಟಣದಷ್ಟು ಗಾತ್ರದ ಉಬ್ಬು ಎದ್ದು ಕಾಣುತ್ತಿತ್ತು. "ನನ್ನ ಎದಿ ತಾನs ಬಡಿಯೂದಿಲ್ಲಪಾ ಈಗ. ಅದು ಹೊಡೀತೈತಿ, ಇದು ಬಡೀತೈತಿ. ನಕ್ಕರೂ ಅಷ್ಟ, ಅತ್ತರೂ ಅಷ್ಟ. ಹೋದ ಚಳಿಗಾಲದಾಗ ನಮ್ಮ ಯಜಮಾನ್ರು ಹೋದ್ರು. ಆವಾಗೂ ಅಷ್ಟ."

ಎಂಟುನೂರ ಐವತ್ತೇಳು ಮಿಲಿಸೆಕೆಂಡು. ನಿಮಿಷಕ್ಕೆ ಎಪ್ಪತ್ತು.

"ಓಜೂ," ಎಂದು ಕರೆದ. ಮಗು ತಿರುಗಲಿಲ್ಲ. ಅದರ ಕಣ್ಣು ಆನೆಯಲ್ಲಿತ್ತು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಇವತ್ತಿನ ಪಾಠ ಮುಗಿಯಲು ಇನ್ನೂ ಆರು ನಿಮಿಷ. ಎಬ್ಬಿಸಿದರೆ ಇವತ್ತಿನ ಅಂಕ ಹೋಗುತ್ತದೆ. ಶಿವಪುತ್ರ ಆರು ನಿಮಿಷ ನಿಂತು ಕಾದ. ಆನೆ ಚಪ್ಪಾಳೆ ತಟ್ಟಿ, "ಶಭಾಷ್ ಅಮ್ಮಾ! ನೂರಕ್ಕೆ ನೂರು!" ಎಂದಿತು. ಫಕೀರವ್ವ ಆಗಲೇ ಮತ್ತೆ ತೂಕಡಿಸುತ್ತಿದ್ದಳು. ಅವನು ಮಗುವನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡ.

ಆಫೀಸಿಗೆ ಬಂದವನೇ ಅಂಕ ಎಣಿಸುವ ಪ್ರೋಗ್ರಾಂ ತೆರೆದ. ಅದನ್ನು ಬರೆದವನು ಅವನೇ. ತಪ್ಪು ಒಂದೇ ಸಾಲಿನಲ್ಲಿತ್ತು. ಎರಡು ನಾಡಿಗಳ ಹೊಂದಾಣಿಕೆಯನ್ನು ದೊಡ್ಡವರ ನಾಡಿಯ ಏರಿಳಿತದಿಂದ ಭಾಗಿಸಬೇಕು ಎಂದು ಆ ಸಾಲು ಹೇಳುತ್ತಿತ್ತು. ಏರಿಳಿತ ಕಡಿಮೆಯಾದಷ್ಟೂ ಭಾಗಲಬ್ಧ ಉಬ್ಬುತ್ತದೆ. ಏರಿಳಿತ ಸೊನ್ನೆಗೆ ಹತ್ತಿರ ಬಂದರೆ ಅಂಕ ಸಾವಿರ, ಲಕ್ಷ ಎಷ್ಟಾದರೂ ಆಗುತ್ತದೆ. ನೂರರ ಮೇಲೆ ಹೋಗದಂತೆ ಕೆಳಗಿನ ಸಾಲು ಕತ್ತರಿಸುತ್ತದೆ. ಬದುಕಿದ ಎದೆ ಯಾವುದೂ ಹಾಗೆ ಬಡಿಯುವುದಿಲ್ಲ ಎಂದುಕೊಂಡು ಅವನು ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

ಅರ್ಥ ಸರಳವಿತ್ತು. ಮಗು ನಕ್ಕಾಗ ಹಿಗ್ಗುವ, ಬಿದ್ದಾಗ ಧಸಕ್ಕೆನ್ನುವ ಎದೆಗೆ ಈ ಪಾಟಿ ಕಡಿಮೆ ಅಂಕ ಕೊಡುತ್ತಿತ್ತು. ಯಾವುದಕ್ಕೂ ಮಿಡಿಯದ ಎದೆಗೆ ನೂರು ಕೊಡುತ್ತಿತ್ತು. ಗುಳಿಗೆ ನುಂಗಿದ ಹೆಂಗಸರು ಅವನಿಗಿಂತ ಮೊದಲೇ ಇದನ್ನು ಕಂಡುಹಿಡಿದಿದ್ದರು.

ರೋಹಿಣಿ ಮೇಡಂ ಎಲ್ಲವನ್ನೂ ಕೊನೆಯವರೆಗೆ ಕೇಳಿದರು. ಹಿಮ್ಮಡಿಯ ಮಾತು ಬಂದಾಗ ಮೂಗು ಸುಕ್ಕಿಸಿದರು.

"ಇನ್ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ರಿ. ಒಂದು ಸಾಲು ತಿದ್ದಿದ್ರ ಸಾಕು ಮೇಡಂ. ಹಳೇ ಅಂಕ ಎಲ್ಲಾ ರದ್ದು ಮಾಡಬೇಕಾಗ್ತೈತಿ."

"ರದ್ದು ಮಾಡಿ ನರ್ಸರಿಗಳಿಗೆ ಏನು ಹೇಳೋದು? ಮೂರು ವರ್ಷ ನಾವು ಅಳೆದದ್ದು ಏನೂ ಅಲ್ಲ ಅಂತಾನಾ?" ಅವರು ಪೆನ್ನಿನ ಟೋಪಿಯನ್ನು ಹಾಕಿ ತೆಗೆದು ಮಾಡಿದರು. ಆಮೇಲೆ ನಿಧಾನವಾಗಿ ಮುಗುಳ್ನಕ್ಕರು. "ಶಿವಪುತ್ರ, ಒಂದು ಯೋಚನೆ ಮಾಡಿ. ಆ ಅಜ್ಜಿ ಹತ್ರ ಮಕ್ಕಳು ಶಾಂತವಾಗಿ ಕೂರ್ತಿವೆ ತಾನೇ? ನಿಮ್ಮ ಮಗಳೂ ಕೂತಿದ್ದಾಳೆ. ಹಾಗಾದ್ರೆ ಬೇಕಾಗಿರೋದು ಆ ಬಡಿತ, ಅಜ್ಜಿ ಅಲ್ಲ. ಪಾಟಿ ಬೆನ್ನಿಗೆ ಒಂದು ಸಣ್ಣ ಮೋಟರ್ ಕೂರ್ಸಿ. ನಿಮಿಷಕ್ಕೆ ಎಪ್ಪತ್ತು. ಮೈ ಬಿಸಿಯಷ್ಟು ಬಿಸಿ. ಮಗು ತಬ್ಬಿಕೊಂಡೇ ಆಡಲಿ."

"ಅಪ್ಪ ಅಮ್ಮ?"

"ತಿಂಗಳಿಗೊಂದ್ಸಲ ಕೈ ಇಟ್ಟು ನವೀಕರಿಸಲಿ. ಪಾಪ, ಅವರು ಕೇಳ್ತಿರೋದೂ ಅಷ್ಟೇ. 'ಜೋಡಿಪಾಟಿ ಮಮತೆ' ಅಂತ ಹೆಸರಿಡೋಣ. 'ನೀವು ಸದಾ ನಿಮ್ಮ ಮಗುವಿನ ಜೊತೆ' ಅಂತ ಕೆಳಗೆ ಬರೀಬಹುದು. ನರ್ಸರಿಗಳ ಮುಖ್ಯಸ್ಥರನ್ನೆಲ್ಲ ಕರೆದು ತೋರಿಸೋಣ. ವೇದಿಕೆ ಮೇಲೆ ಓಜಸ್ವಿ ಇರಲಿ. ನೂರಂಕದ ಮಗು, ತಯಾರಿಸಿದವರ ಮಗಳು. ಅವಳ ನರ್ಸರಿ ಸೀಟಿನ ಚಿಂತೆ ಬಿಡಿ, ನಾನೇ ಹೇಳ್ತೀನಿ. ನೀವು ಎರಡು ನಿಮಿಷ ತಂತ್ರ ವಿವರಿಸಿ, ಸಾಕು."

"ಹೂನ್ರಿ ಮೇಡಂ," ಎಂದ. ಆದರೆ ಮೆಟ್ಟಿಲು ಇಳಿಯುವಾಗ ಅವನ ತಲೆಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು: 'ಈ ಅಂಕದಲ್ಲಿ ತಪ್ಪಿದೆ, ತಪ್ಪು ಮಾಡಿದವನು ನಾನು.' ಆ ಎರಡು ನಿಮಿಷದಲ್ಲಿ ಎಲ್ಲರ ಮುಂದೆ ಇದನ್ನು ಹೇಳಬೇಕು.

ಮನೆಯಲ್ಲಿ ಕಸ್ತೂರಿ ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಹೌದು, ಕಾಲು. ಏನೀಗ?"

"ಹೇಸಿಗಿ ಅನಸಲಿಲ್ಲೇನು ನಿನಗ?"

"ಅನಸ್ತು. ಮೂವತ್ತೆಂಟು ಬಂದಾಗ ಅನಸ್ತು." ಅವಳು ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು. "ಎರಡು ವರ್ಷ ಎದಿಹಾಲು ಕುಡಿಸಿದಾಕಿಗೆ ಮೂವತ್ತೆಂಟು ಕೊಟ್ಟು, ಮುದುಕಿ ಹಿಮ್ಮಡಿಗೆ ನೂರು ಕೊಟ್ಟ ಯಂತ್ರ ಯಾರು ಮಾಡಿದ್ದು? ಗುಳಿಗೀನೂ ನುಂಗಿ ನೋಡಿದೆ. ಬಸ್ಸಿನ್ಯಾಗ ಕಣ್ಣು ಕತ್ತಲಿ ಬಂದು ಕಂಬಕ್ಕ ಹಣಿ ಹೊಡಕೊಂಡೆ. ಜಾರಿ ಬಿದ್ದೆ ಅಂದೆ, ನೀವು ನಂಬಿದ್ರಿ. ನೂರು ಬಂತು ಅಂದೆ, ಅದನ್ನೂ ನಂಬಿದ್ರಿ. ನನ್ನ ಮಾತು ಎಂದಾರ ಹಿಂಗ ನಂಬೀರೇನು, ಅಂಕದ ಮಾತು ಬಿಟ್ಟು?"

"ವೇದಿಕೆ ಮ್ಯಾಲೆ ಎಲ್ಲಾ ಹೇಳ್ತೇನಿ. ಸೀಟು ಹೋದ್ರ ಹೋಗ್ಲಿ, ನೌಕರಿ ಹೋದ್ರ ಹೋಗ್ಲಿ."

ಕಸ್ತೂರಿ ಅವನ ಮುಖವನ್ನು, ಟಿಕೇಟಿಲ್ಲದ ಪ್ರಯಾಣಿಕನನ್ನು ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು. "ಹೇಳ್ರಿ. ಹೇಳಿದ್ರ ನಾ ನಿಮ್ಮ ಕೂಡ ನಿಲ್ತೇನಿ. ಆದ್ರ ನೀವು ಹೇಳೂದಿಲ್ಲ."

ಆರು ವಾರದಲ್ಲಿ 'ಮಮತೆ' ತಯಾರಾಯಿತು. ಅಲ್ತಾಫ್ ಮೋಟರ್ ಕೂರಿಸಿ, ಬೆನ್ನಿಗೆ ಮೆತ್ತನೆಯ ರಬ್ಬರಿನ ತೊಗಲು ಹೊದಿಸಿದ. ಮುಟ್ಟಿದರೆ ಜ್ವರ ಬಂದ ಬೆಕ್ಕಿನ ಹೊಟ್ಟೆ ಮುಟ್ಟಿದಂತಿತ್ತು. "ಇದಕ್ಕ ತಾಳಿ ಕಟ್ಟಿದ್ರ ಮುಗೀತಪಾ," ಎಂದ ಅಲ್ತಾಫ್. ಆದರೆ ಪರೀಕ್ಷೆ ಮುಗಿದ ಮೇಲೆ ಕೈಯನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದುಕೊಂಡ.

ಪ್ರದರ್ಶನದ ದಿನ ಹೋಟೆಲಿನ ಸಭಾಂಗಣದಲ್ಲಿ ನರ್ಸರಿಗಳ ಮುಖ್ಯಸ್ಥರು, ಪತ್ರಿಕೆಯವರು, ಕ್ಯಾಮೆರಾಗಳು. ಕಸ್ತೂರಿ ಬೆಳಗಿನ ಪಾಳಿ ಮುಗಿಸಿ ಖಾಕಿಯಲ್ಲೇ ಬಂದು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದಳು. ಓಜು ಅಳಬಾರದೆಂದು ಯಾರೋ ಗುಲಾಬಿ ಹಾಲು ಕುಡಿಸಿ, ಗುಲಾಬಿ ಫ್ರಾಕು ತೊಡಿಸಿ, ವೇದಿಕೆಯ ನಡುವಿನ ಪುಟ್ಟ ಕುರ್ಚಿಯಲ್ಲಿ ಕೂರಿಸಿದ್ದರು. ರೋಹಿಣಿ ಮೇಡಂ 'ಮಮತೆ'ಯನ್ನು ಮಗುವಿನ ಎದೆಗೆ ಪಟ್ಟಿಯಿಂದ ಬಿಗಿದರು. ಪಾಟಿಯ ಪರದೆ ವೇದಿಕೆಯ ಹಿಂದಿದ್ದ ದೊಡ್ಡ ತೆರೆಯ ಮೇಲೂ ಕಾಣುತ್ತಿತ್ತು. ಯಾರ ಕೈಯೂ ಅದರ ಬೆನ್ನ ಮೇಲಿರಲಿಲ್ಲ. ಆನೆ ಕಣ್ಣು ತೆರೆಯಿತು. ಅಂಕ ಏರತೊಡಗಿತು. ಅರವತ್ತು, ಎಂಬತ್ತು, ತೊಂಬತ್ತಾರು.

"ಇದರ ಹಿಂದಿನ ತಂತ್ರವನ್ನು ಇದನ್ನು ರೂಪಿಸಿದವರಿಂದಲೇ ಕೇಳೋಣ," ಎಂದು ಮೇಡಂ ಮೈಕನ್ನು ಅವನ ಕೈಗಿತ್ತರು.

ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅವನು ಗಂಟಲು ಸರಿಮಾಡಿಕೊಂಡ. ಕಸ್ತೂರಿ ಕುರ್ಚಿಯ ಅಂಚಿಗೆ ಸರಿದದ್ದು ಕಂಡಿತು. ಅಷ್ಟರಲ್ಲಿ ಓಜುವಿನ ಮುಖ ಬಿಳಿಚಿಕೊಂಡಿತು. ಹಾಲು ತುಂಬಿದ ಹೊಟ್ಟೆಗೆ ಆ ಬಿಸಿ ರಬ್ಬರು ಒತ್ತಿಕೊಂಡು ಎಡೆಬಿಡದೆ ಗುದ್ದುತ್ತಿತ್ತು. ಮಗು ಪಟ್ಟಿಯನ್ನು ಜಗ್ಗಿತು, ಬಿಚ್ಚಲಾಗಲಿಲ್ಲ, ಒಂದು ಸಲ ಬಿಕ್ಕಿತು, ಬಳಬಳನೆ ವಾಂತಿ ಮಾಡಿಕೊಂಡಿತು. ಗುಲಾಬಿ ಹಾಲು ಮೊಸರಾಗಿ ಗದ್ದದಿಂದ ಫ್ರಾಕಿಗೆ, ಫ್ರಾಕಿನಿಂದ ಪಾಟಿಗೆ ಇಳಿಯಿತು. ಮಗು ಬಾಯಿ ಅಗಲ ತೆರೆದು ಚೀರತೊಡಗಿತು.

ಪಾಟಿಯ ಬೆನ್ನು ತನ್ನ ಪಾಡಿಗೆ ಬಡಿಯುತ್ತಲೇ ಇತ್ತು. ತೆರೆಯ ಮೇಲೆ ಆನೆ ಸೊಂಡಿಲೆತ್ತಿ ಚಪ್ಪಾಳೆ ತಟ್ಟಿತು. "ಶಭಾಷ್ ಅಮ್ಮಾ! ನೂರಕ್ಕೆ ನೂರು!"

ಚಪ್ಪಾಳೆಯ ಸದ್ದು ಕೇಳಿದ್ದೇ ಹಿಂದಿನ ಸಾಲುಗಳಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಮುಂದಿನವರೂ ತಟ್ಟಿದರು.

ಶಿವಪುತ್ರ ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಧಾವಿಸಿದ. ಜೇಬಿನಿಂದ ಕರವಸ್ತ್ರ ಎಳೆದ. ಮೊಣಕಾಲೂರಿ ಕೂತು ಒರೆಸಿದ. ಮೂಲೆಯಲ್ಲಿದ್ದ ಸೆನ್ಸರಿನ ಸಣ್ಣ ಕಿಂಡಿ, ಆಮೇಲೆ ಅಂಚಿನ ಸೀಳು, ಆಮೇಲೆ ಪರದೆ. ವಾಂತಿ ಒಳಗಿಳಿಯದಂತೆ ಪಾಟಿಯನ್ನು ಓರೆ ಮಾಡಿ ಹಿಡಿದು, ಬಟ್ಟೆಯ ತುದಿ ತಿರುಚಿ ಕಿಂಡಿಯೊಳಗೆ ಹಾಕಿ ತೆಗೆದ. ಅವನ ಕೈ ಪಳಗಿದ ಕೈ. ಮಗುವಿನ ಚೀರಾಟ ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು.

ಖಾಕಿ ತೋಳೊಂದು ನಡುವೆ ಬಂದು ಪಟ್ಟಿಯನ್ನು ಕಿತ್ತಿತು. ಕಸ್ತೂರಿ ಮಗುವಿನ ಬಾಯಿಯೊಳಗೆ ಬೆರಳು ಹಾಕಿ ಉಳಿದದ್ದನ್ನು ತೆಗೆದು, ತನ್ನ ಅಂಗಿಗೇ ಒರೆಸಿಕೊಂಡು, ಓಜುವನ್ನು ಹೆಗಲಿಗೆ ಹಾಕಿಕೊಂಡಳು.

"ಒರಸ್ರಿ," ಎಂದಳು ಅವನಿಗಷ್ಟೇ ಕೇಳುವಂತೆ. "ಛಲೋತ್ನಂಗ ಒರಸ್ರಿ."

ಅವಳು ಮೆಟ್ಟಿಲಿಳಿದು ಹೋದಳು. ಶಿವಪುತ್ರನ ಕೈಯಲ್ಲಿ ಪಾಟಿ ಬೆಚ್ಚಗೆ ಬಡಿಯುತ್ತಿತ್ತು. ಕರವಸ್ತ್ರದಿಂದ ಹುಳಿ ಹಾಲಿನ ನಾತ ಏಳುತ್ತಿತ್ತು. ರೋಹಿಣಿ ಮೇಡಂ ಸಭೆಯ ಕಡೆ ನಗುಮುಖ ಇಟ್ಟುಕೊಂಡೇ ಅವನ ಕಡೆ ಬಾಗಿದರು.

"ಸೆನ್ಸರ್ ಹಾಳಾಗ್ಲಿಲ್ಲ ತಾನೇ?"

ಕಂಕುಳಲ್ಲಿದ್ದ ಮೈಕು ಆನ್ ಆಗಿಯೇ ಇತ್ತು. ಅವನ ಉತ್ತರ ಇಡೀ ಸಭಾಂಗಣಕ್ಕೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ರಿ ಮೇಡಂ. ಸರಿ ಐತಿ."